ಮೊಮ್ಮಗನಿಗೆ ಹರ್ಮನ್ ಎಂದು ಹೆಸರಿಡಬಹುದೇ?

ಪ್ರಶ್ನೆ: ಮಗ ಜರ್ಮನಿಯಲ್ಲಿದ್ದಾನೆ, ಸೊಸೆ ಅಲ್ಲಿಯವಳೇ. ಅವರಿಗೆ ಗಂಡು ಮಗುವಾಗಿದೆ. ಸೊಸೆಯ ಅಜ್ಜನ ಹೆಸರು ‘ಹರ್ಮನ್’ ಇಡುತ್ತಾರಂತೆ. ಪುತ್ತರಿ ಹಬ್ಬಕ್ಕೆ ಬಂದಾಗ ನಮ್ಮ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಹಿರಿಯರು ಅರ್ಥ ಕೇಳಿಯೇ ಕೇಳುತ್ತಾರೆ. ‘ಹಿಟ್ಲರನ ಮಂತ್ರಿಯ ಹೆಸರಲ್ಲವೇ?’ ಎಂದು ಭಾವನವರು ಆಗಲೇ ಬೇಸರಪಟ್ಟಿದ್ದಾರೆ.
– ಓದುಗರೊಬ್ಬರು, ಅಮ್ಮತ್ತಿ, ಕೊಡಗು

ಉತ್ತರ: ಧಾರಾಳವಾಗಿ ಇಡಲಿ. ಹಳೆಯ ಜರ್ಮನ್ ಭಾಷೆಯಲ್ಲಿ ‘ಹೆರಿ’ ಎಂದರೆ ಸೇನೆ, ‘ಮನ್’ ಎಂದರೆ ಆಳು. ಹರ್ಮನ್ ಎಂದರೆ ದಂಡಾಳು. ಕಾರ್ಯಪ್ಪ, ತಿಮ್ಮಯ್ಯನವರ ನಾಡಿನಲ್ಲಿ ಈ ಅರ್ಥ ಕೇಳಿ ಯಾವ ಹಿರಿಯರು ಬೇಡವೆಂದಾರು?

ಹಿಟ್ಲರನ ಮಂತ್ರಿ ಗೋರಿಂಗ್‌ನ ಹೆಸರೂ ಹರ್ಮನ್ ಎಂಬುದು ನಿಜವೇ. ಆದರೆ ಅವನು ಹುಟ್ಟಿದ 1893ರ ಸುಮಾರಿಗೆ ಜರ್ಮನಿಯಲ್ಲಿ ಎಷ್ಟೋ ಮನೆಗಳಲ್ಲಿ ಒಬ್ಬ ಹರ್ಮನ್ ಇದ್ದ. ಅದಕ್ಕೂ ಒಂದು ಕಾರಣವಿದೆ. ಕ್ರಿ.ಶ. 9ರಲ್ಲಿ ಟ್ಯೂಟೊಬರ್ಗ್ ಕಾಡಿನಲ್ಲಿ ರೋಮನ್ನರ ಮೂರು ಲೀಜನ್‌ಗಳನ್ನು, ಅಂದರೆ ದೊಡ್ಡ ಸೇನಾದಳಗಳನ್ನು, ಅರ್ಮಿನಿಯಸ್ ಎಂಬ ಜರ್ಮನ್ ಬುಡಕಟ್ಟಿನ ನಾಯಕ ನಾಶಮಾಡಿದ. ಹದಿನಾರನೆಯ ಶತಮಾನದ ವಿದ್ವಾಂಸರು ಅವನನ್ನು ‘ಹರ್ಮನ್’ ಎಂದು ಕರೆಯತೊಡಗಿದರು. ಎರಡೂ ಒಂದೇ ಹೆಸರೆಂದು ಇಂದಿನ ಭಾಷಾತಜ್ಞರು ಒಪ್ಪುವುದಿಲ್ಲ. ಜನರು ಮಾತ್ರ ಒಪ್ಪಿಬಿಟ್ಟರು, 1875ರಲ್ಲಿ ಡೆಟ್ಮೋಲ್ಡ್ ಬಳಿಯ ಗುಡ್ಡದ ಮೇಲೆ ಹರ್ಮನ್ನನ ಭಾರೀ ಪ್ರತಿಮೆಯೂ ಎದ್ದಿತು.

ಭಾವನವರಿಗೆ ನೀವು ಹೇಳಬೇಕಾದ ಹರ್ಮನ್ ಇನ್ನೊಬ್ಬರು. ನಿಮ್ಮೂರಿನ ಹತ್ತಿರದ ಆನಂದಪುರವನ್ನು ಕಟ್ಟಿದವರು ಹರ್ಮನ್ ಮೋಗ್ಲಿಂಗ್. ಬಾಸೆಲ್ ಮಿಷನ್ನಿನ ಪಾದ್ರಿ. 1836ರಲ್ಲಿ ಭಾರತಕ್ಕೆ ಬಂದು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಡಿಸಿದರು. ಹರಿದಾಸರ ಪದಗಳನ್ನು, ಹಳೆಯ ಕಾವ್ಯಗಳನ್ನು ಹುಡುಕಿ ಅಚ್ಚು ಹಾಕಿಸಿದರು. ನಮ್ಮ ಜಿಲ್ಲೆಯ ರಾಜರ ಕಥೆಯನ್ನೂ ಕೊಡವರ ಆಚಾರಗಳನ್ನೂ ಸೇರಿಸಿ 1855ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. ಅವರ ಮತಪ್ರಚಾರದ ಬಗ್ಗೆ ಭಿನ್ನಾಭಿಪ್ರಾಯ ಇರುವವರಿಗೂ ಕನ್ನಡಕ್ಕೆ ಅವರು ದುಡಿದ ದುಡಿಮೆಯನ್ನು ಅಲ್ಲಗಳೆಯಲಾಗದು. ಮಡಿಕೇರಿಯಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ಕಾಲದಿಂದಲೂ ನನಗೆ ಇದೊಂದು ಕೊರಗು: ಆನಂದಪುರದ ದಾರಿಯಲ್ಲೇ ಶಾಲೆಗೆ ಬರುವ ಮಕ್ಕಳಿಗೂ ಈ ಮನುಷ್ಯ ಯಾರೆಂದು ಗೊತ್ತಿರುವುದಿಲ್ಲ. ನಿಮ್ಮ ಮೊಮ್ಮಗನ ನೆಪದಲ್ಲಾದರೂ ಒಂದು ಮನೆಯಲ್ಲಿ ಅವರ ಮಾತು ಬರಲಿ.

ಒಂದು ವಿಷಯ ಮಗ-ಸೊಸೆಗೆ ತಿಳಿಸಿ. ಈಗಿನ ಜರ್ಮನಿಯಲ್ಲಿ ಇದು ತಾತಂದಿರ ಕಾಲದ ಹೆಸರು, ತರಗತಿಯಲ್ಲಿ ಇನ್ನೊಬ್ಬ ಹರ್ಮನ್ ಸಿಗುವುದು ಅಪರೂಪ. ಇನ್ನು ಒಕ್ಕದ, ಅಂದರೆ ಮನೆತನದ, ಹೆಸರನ್ನು ಬಿಡಬೇಡಿ. ಜನನ ನೋಂದಣಿ ಆಗುವ ಮುನ್ನವೇ ಅದನ್ನು ಹೇಗೆ ಸೇರಿಸುವುದೆಂದು ಅಲ್ಲಿನ ಕಚೇರಿಯಲ್ಲಿ ವಿಚಾರಿಸಲಿ.