ಉಂಬಳಾ... ಗೋವಿಂದಾ! (ಸಾವಿನ ಮನೇಲಿ ನಗು ಬಂದೋರಿಗೆ ಒಂದು ಉತ್ತರ)

ನಿಮ್ಮ ಪ್ರಶ್ನೆ ಓದ್ತಾ ಓದ್ತಾ ನಂಗೂ ನಗು ಬಂತು, ಮೊದಲು ಅದಕ್ಕೊಂದು ಸಾರಿ. ಅಜ್ಜಿನ ಜಗಲಿ ಮೇಲೆ ಮಲಗಿಸಿದ್ದಾಗ ಎಲ್ರೂ ಅಳ್ತಿದ್ರು, ನಿಮಗೊಬ್ರಿಗೆ ಕಿಸಕ್ಕಂತ ನಗು ಬಂತು, ಅತ್ತೆ ಎಲ್ರೆದುರಿಗೇ "ಇವಂದೇನು ಎದೆನಾ ಕಲ್ಲಾ" ಅಂತ ಬೈದ್ರು, ಅವತ್ತಿಂದ ಅದೇ ತಲೇಲಿ ಕೊರೀತಿದೆ, ನಂಗೇನಾದ್ರೂ ಪ್ರಾಬ್ಲಮ್ ಇದೆಯಾ ಅಂತ ಕೇಳಿದೀರ. ನಾನು ಡಾಕ್ಟರ್ ಅಲ್ಲ. ತೀರ್ಥಹಳ್ಳಿ ಕಡೆ ಅಡಕೆ ತೋಟದ ಮನೆಯವನು, ಕೆಲಸ ಶಿವಮೊಗ್ಗದಲ್ಲಿ. ಆದ್ರೆ ಸಾವಿನ ಮನೇಲಿ ನಕ್ಕು ಸಿಕ್ಕಿಹಾಕ್ಕೊಳ್ಳೋ ವಿಷಯದಲ್ಲಿ ನಿಮಗಿಂತ ಸೀನಿಯರ್, ಅದಕ್ಕೇ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ನಮ್ಮ ಅಜ್ಜಯ್ಯ ಹೋಗಿದ್ದು ಆಷಾಢದಲ್ಲಿ. ಆಗುಂಬೆ ನಮ್ಮೂರಿಂದ ದೂರ ಏನಿಲ್ಲ, ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಹೊಡೆಯೋ ಜಾಗ ಅದು, ಅದರಲ್ಲಿ ನಮ್ಮ ಪಾಲಿಗೂ ಸಾಕಷ್ಟು ಬರುತ್ತೆ. ಕರೆಂಟ್ ಹೋಗಿ ಮೂರು ದಿನ ಆಗಿತ್ತು, ಮೊಬೈಲಿಗೆ ನೆಟ್‌ವರ್ಕ್ ಸಿಗೋದು ಅಂಗಳದ ತುಳಸಿಕಟ್ಟೆ ಹತ್ರ ಮಾತ್ರ. ಬೆಳಗಿನ ಜಾವ ಅಪ್ಪ ಒಂದು ಕೈಲಿ ಛತ್ರಿ ಒಂದು ಕೈಲಿ ಫೋನ್ ಹಿಡ್ಕೊಂಡು ಕಟ್ಟೆ ಸುತ್ತ ಪ್ರದಕ್ಷಿಣೆ ಹಾಕ್ತಾ ನೆಂಟರಿಗೆಲ್ಲ ಕೂಗಿ ಹೇಳ್ತಿದ್ರು: "ಹಲೋ, ಅಪ್ಪಯ್ಯ ಹೋದ್ರು... ಹಾಂ? ಎಲ್ಲಿಗೂ ಅಲ್ಲ ಮಾರಾಯ, ಹೋದ್ರು! ಬಸ್ಸಲ್ಲಿ ಅಲ್ವೋ, ಹೋದ್ರು ಅಂದ್ರೆ ಹೋದ್ರು!" ಅಮ್ಮ ಒಳಗೆ ಅಳ್ತಾ ಇದ್ದೋಳು "ಬಸ್ಸಲ್ಲಿ" ಅನ್ನೋದು ಕೇಳಿ ಸೆರಗು ಬಾಯಿಗೆ ಹಿಡ್ಕೊಂಡಿದ್ದನ್ನ ನಾನು ನೋಡಿದೀನಿ. ಅಳೋಕೆ ಹಿಡ್ಕೊಂಡಿದ್ದಲ್ಲ ಅದು.

ಆಮೇಲೆ ಸೌದೆ ವಿಷಯ. ಮಳೆಗಾಲದಲ್ಲಿ ಯಾರಾದ್ರೂ ತೀರ್ಕೊಂಡ್ರೆ ನಮ್ಮ ಕಡೆ ದುಃಖಕ್ಕಿಂತ ಮುಂಚೆ ಸೌದೆ ಚಿಂತೆ ಶುರು ಆಗುತ್ತೆ, ಯಾಕಂದ್ರೆ ಮೂರ್ನಾಲ್ಕು ಕ್ವಿಂಟಾಲ್ ಒಣ ಸೌದೆ ಬೇಕು, ಜುಲೈ ತಿಂಗಳಲ್ಲಿ ಮಲೆನಾಡಲ್ಲಿ ಬೆಂಕಿಪೆಟ್ಟಿಗೆನೇ ಒಣಗಿರಲ್ಲ. ಅಜ್ಜಯ್ಯನಿಗೆ ಇದು ಗೊತ್ತಿತ್ತು. "ನಾನು ಮಳೆಗಾಲದಲ್ಲೇ ಹೋಗೋದು, ನಿಮಗೆ ಪೂರ್ತಿ ಕೆಲಸ ಕೊಟ್ಟೇ ಹೋಗೋದು" ಅಂತ ಯಾವತ್ತೋ ಹೇಳಿ, ಸೌದೆ ಕೊಟ್ಟಿಗೆ ಹಿಂದಿನ ಮೂಲೇಲಿ ಒಳ್ಳೊಳ್ಳೆ ಕುಂಟೆ ಆರಿಸಿ ಪೇರಿಸಿಟ್ಟು ಮೇಲೆ ಪ್ಲಾಸ್ಟಿಕ್ ಹೊದೆಸಿ, ಇದು ನಂದು ಯಾರೂ ಮುಟ್ಟಬೇಡಿ ಅಂತ ಆರ್ಡರ್ ಮಾಡಿದ್ರು. ಅವತ್ತು ದೊಡ್ಡಪ್ಪ ಹೋಗಿ ಪ್ಲಾಸ್ಟಿಕ್ ಎತ್ತಿದ್ರೆ ಅಲ್ಲಿದ್ದಿದ್ದು ನಾಲ್ಕೇ ನಾಲ್ಕು ಕುಂಟೆ. ಪ್ರತಿ ವರ್ಷ ಅಡಕೆ ಬೇಯಿಸೋವಾಗ, ಹಬ್ಬಕ್ಕೆ ನೆಂಟರು ಬಂದು ಹಂಡೆಗೆ ಜಾಸ್ತಿ ಉರಿ ಬೇಕಾದಾಗ, "ಅಜ್ಜಯ್ಯನ ಸೌದೇಲಿ ಎರಡು ತಗೊಂಬಾ, ಆಮೇಲೆ ಹಾಕಿದ್ರಾಯ್ತು" ಅಂತ ಎಲ್ರೂ ಎರಡೆರಡು ತಗೊಂಡಿದ್ರು, ಆಮೇಲೆ ಹಾಕ್ದೋರು ಒಬ್ರೂ ಇಲ್ಲ. ಹೆಣ ಒಳಗಿದೆ, ಕೊಟ್ಟಿಗೇಲಿ ಯಾರು ಎಷ್ಟು ತಗೊಂಡಿದ್ದು ಅಂತ ಲೆಕ್ಕ ನಡೀತಿದೆ. ಕೊನೆಗೆ ಕೇರಿಯೋರು ಒಬ್ಬೊಬ್ರು ಒಂದೊಂದು ಹೊರೆ ಕಂಬಳಿಕೊಪ್ಪೆ ಒಳಗೆ ಮುಚ್ಕೊಂಡು ತಂದ್ಕೊಟ್ರು, ಬೈಕ್ ನಿಲ್ಸೋ ಶೆಡ್ಡಿನ ಝಿಂಕ್ ಶೀಟ್ ಬಿಚ್ಚಿ ಚಿತೆ ಮೇಲೆ ಮಾಡು ಕಟ್ಟಿದ್ರು. ನನ್ನ ಬೈಕ್ ಅಲ್ಲಿ ನೆನೀತಾ ನಿಂತಿತ್ತು, ನಂಗೆ ಅದರ ಮೇಲೂ ಒಂದು ಕಣ್ಣಿತ್ತು, ಸುಳ್ಳು ಯಾಕೆ ಹೇಳಲಿ.

ಇನ್ನೊಂದು ಹೇಳ್ಬೇಕು. ದೊಡ್ಡಪ್ಪನಿಗೂ ಚಿಕ್ಕಪ್ಪನಿಗೂ ನಾಲ್ಕು ವರ್ಷದಿಂದ ಮಾತಿಲ್ಲ, ತೋಟಕ್ಕೆ ನೀರು ಬಿಡೋ ಸರದಿ ವಿಷಯಕ್ಕೆ ಶುರುವಾಗಿದ್ದು ಕೋರ್ಟ್ ತನಕ ಹೋಗಿದೆ. ಬೆಂಕಿ ಹಿಡಿಯೋದು ಹಿರೀ ಮಗ, ಅಂದ್ರೆ ದೊಡ್ಡಪ್ಪ, ಮಡಕೇಲಿ ಕೆಂಡ ತುಂಬ್ಕೊಂಡು ಮುಂದೆ ನಡೀಬೇಕು. ಮಳೆಗೆ ಕೆಂಡ ಆರಿ ಹೋದ್ರೆ? ಯಾರಾದ್ರೂ ಛತ್ರಿ ಹಿಡೀಬೇಕಲ್ಲ. ಹಿರಿಯರೊಬ್ರು ಚಿಕ್ಕಪ್ಪನ ಕೈಗೆ ಛತ್ರಿ ತುರುಕಿಬಿಟ್ರು. ಈಗ ಊಹಿಸ್ಕೊಳ್ಳಿ, ಒಂದೇ ಛತ್ರಿ, ಅದರ ಕೆಳಗೆ ಮಡಕೆ ಮಾತ್ರ, ಆ ಕಡೆ ಒಬ್ರು ಈ ಕಡೆ ಒಬ್ರು ಪೂರ್ತಿ ನೆನೀತಾ, ಒಬ್ರ ಮುಖ ಒಬ್ರು ನೋಡದೆ ಹೆಜ್ಜೆಗೆ ಹೆಜ್ಜೆ ಹಾಕ್ಕೊಂಡು ಹೋಗ್ತಿದಾರೆ. ತೋಟದ ಸಂಕ (ಕಾಲುಸೇತುವೆ) ದಾಟೋವಾಗ ದೊಡ್ಡಪ್ಪನ ಬಾಯಿಂದ ನಾಲ್ಕು ವರ್ಷದಲ್ಲಿ ಮೊದಲನೇ ಮಾತು ಬಂತು: "ಸ್ವಲ್ಪ ಈಚೆ ಹಿಡಿಯೋ, ಚುಂಯ್ ಅಂತಿದೆ."

ನಾನು ಚಟ್ಟಕ್ಕೆ ಹಿಂದಿಂದ ಹೆಗಲು ಕೊಟ್ಟಿದ್ದೆ. ಮುಂದೆ ಅಪ್ಪ ಮತ್ತೆ ಕೆಳಮನೆ ಭಾವ. ಸುಡೋ ಜಾಗ ತೋಟದ ಮೇಲಿನ ಬ್ಯಾಣ, ಅಂದ್ರೆ ಹುಲ್ಲುಗಾವಲು, ಅರ್ಧ ಕಿಲೋಮೀಟರ್ ಏರು, ಕೆಸರು, ಎಲ್ರೂ ಬರಿಗಾಲು, ಪಂಚೆ ಎತ್ತಿ ಕಟ್ಟಿದೀವಿ. ಮಳೆಗಾಲದ ಬ್ಯಾಣ ಅಂದ್ರೆ ಹುಲ್ಲಿಗಿಂತ ಉಂಬಳನೇ ಜಾಸ್ತಿ. ಬಯಲುಸೀಮೆಯವರಿಗೆ: ಉಂಬಳ ಅಂದ್ರೆ ನೆಲದ ಜಿಗಣೆ, ಬೆಂಕಿಕಡ್ಡಿಗಿಂತ ಸಣ್ಣ ಇರುತ್ತೆ, ರಕ್ತ ಕುಡಿದು ದ್ರಾಕ್ಷಿ ಹಣ್ಣಿನಂಗೆ ಉದುರುತ್ತೆ, ಉದುರಿದ ಮೇಲೂ ರಕ್ತ ನಿಲ್ಲಲ್ಲ, ಹೆಪ್ಪುಗಟ್ಟದಂಗೆ ಏನೋ ಬಿಟ್ಟು ಹೋಗುತ್ತೆ ಅದು. ಬೇರೆ ಟೈಮಲ್ಲಾದ್ರೆ ಬಗ್ಗಿ ಕಿತ್ತು ಬಿಸಾಕ್ತೀವಿ. ಹೆಗಲ ಮೇಲೆ ಅಜ್ಜಯ್ಯ ಇದ್ದಾಗ ಬಗ್ಗೋದು ಹೆಂಗೆ?

ಮುಂದಿನೋರು "ಗೋವಿಂದಾ" ಅಂದ್ರೆ ಹಿಂದಿನೋರು "ಗೋವಿಂದಾ" ಅನ್ನೋದು ವಾಡಿಕೆ. ಅರ್ಧ ಏರು ಹತ್ತಿದ್ವಿ. ಕೆಳಮನೆ ಭಾವನ ಪಂಚೆ ಒಳಗೆ ಮೊಣಕಾಲಿಂದ ಮೇಲೆ ಒಂದು ಹೊರಟಿದೆ, ಎರಡು ಕೈನೂ ಬಿದಿರಿನ ಮೇಲೆ, ಏನೂ ಮಾಡೋಕಾಗಲ್ಲ, ಪಾಪ ತಡೀಲಾರದೆ "ಉಂಬಳಾ...!" ಅಂತ ಕೂಗಿದ್ರು. ಮಳೆ ಸದ್ದಲ್ಲಿ ಹಿಂದಿನೋರಿಗೆ ಸ್ವರ ಮಾತ್ರ ಕೇಳಿದ್ದು, ಇಪ್ಪತ್ತು ಜನ ಒಟ್ಟಿಗೆ "ಗೋವಿಂದಾ!" ಅಂದ್ರು. ಭಾವ ಇನ್ನೂ ಜೋರಾಗಿ "ಉಂಬಳ ಮಾರಾಯ್ರೇ, ಉಂಬಳಾ!" ಹಿಂದಿಂದ ಇನ್ನೂ ಭಕ್ತಿಯಿಂದ "ಗೋವಿಂದಾ, ಗೋವಿಂದಾ!"

ನಂಗೆ ತಡೆಯೋಕಾಗ್ಲಿಲ್ಲ. ತುಟಿ ಕಚ್ಚಿದೆ, ಸತ್ತ ಬೇರೆಯೋರನ್ನೆಲ್ಲ ನೆನೆಸ್ಕೊಂಡೆ, ಎಂತ ಮಾಡಿದ್ರೂ ಆಗಲ್ಲ, ಇಡೀ ಮೈ ಅಲುಗ್ತಿದೆ, ನನ್ನ ಜೊತೆ ಚಟ್ಟನೂ ಅಲುಗ್ತಿದೆ. ಪಕ್ಕದಲ್ಲಿ ಹೆಗಲು ಕೊಟ್ಟಿದ್ದ ಅಣ್ಣ ನಾನು ಅಳ್ತಿದೀನಿ ಅಂದ್ಕೊಂಡು "ಸಮಾಧಾನ ಮಾಡ್ಕೋ ಮಾರಾಯ, ಗಟ್ಟಿ ಹಿಡ್ಕೋ, ಜಾರ್ತಾರೆ" ಅಂದ. "ಜಾರ್ತಾರೆ" ಅಂದಿದ್ದಕ್ಕೆ ಇನ್ನೊಂದು ರೌಂಡ್ ಬಂತು.

ಮೇಲೆ ಹೋಗಿ ಇಳಿಸಿದ್ವಿ. ಇಳಿಸಿದ ತಕ್ಷಣ ಯಾರೂ ಕೈ ಮುಗೀಲಿಲ್ಲ, ಎಲ್ರೂ ಮೊದಲು ಪಂಚೆ ಎತ್ತಿ ಅವರವರ ಕಾಲು ನೋಡ್ಕೊಂಡ್ರು. ಒಬ್ಬೊಬ್ರಿಗೆ ಐದಾರು ಹತ್ತಿತ್ತು. ಜೊತೆಗೆ ತಂದಿದ್ದ ಅಜ್ಜಯ್ಯನ ಕವಳದ (ಎಲೆಅಡಕೆ) ಸಂಚಿಯಿಂದಲೇ ಸುಣ್ಣದ ಡಬ್ಬಿ ತೆಗೆದು ಕೈಯಿಂದ ಕೈಗೆ ಕೊಟ್ಟು ಹಚ್ಕೊಂಡು ಬಿಡಿಸ್ಕೊಂಡ್ವಿ, ಎಲ್ರ ಕಾಲಲ್ಲೂ ರಕ್ತ ಮಳೆನೀರು ಸೇರ್ಕೊಂಡು ಇಳೀತಿದೆ. ಆಗ ನಂಗೆ ಅಜ್ಜಯ್ಯನ ಕಾಲು ಕಾಣ್ತು. ಎರಡು ಹೆಬ್ಬೆರಳು ಸೇರಿಸಿ ದಾರ ಕಟ್ಟಿದ್ರು, ಬಟ್ಟೆ ಸರಿದು ಪಾದ ಹೊರಗಿತ್ತು, ಹುಲ್ಲಿಗೆ ತಾಗ್ಕೊಂಡೇ ಇತ್ತು. ಅದಕ್ಕೆ ಒಂದೂ ಉಂಬಳ ಹತ್ತಿರಲಿಲ್ಲ. ಎಪ್ಪತ್ತು ವರ್ಷ ಅದೇ ತೋಟ ಅದೇ ಬ್ಯಾಣದಲ್ಲಿ ಓಡಾಡಿ ಕಚ್ಚಿಸ್ಕೊಂಡು ಕಪ್ಪು ಚುಕ್ಕೆ ಚುಕ್ಕೆ ಆಗಿದ್ದ ಕಾಲು. ಉಂಬಳಕ್ಕೆ ಉಸಿರು, ಮೈ ಬಿಸಿ ಇದ್ರೇನೇ ಗೊತ್ತಾಗೋದು. ನಂಗೆ ಅಲ್ಲಿ ಅಳು ಬಂತು. ಆವಾಗ ಆ ಅಣ್ಣ ನನ್ನ ಕಡೆ ನೋಡೂ ಇಲ್ಲ.

ನಗು ಕತೆ ಇಷ್ಟು. ಆದ್ರೆ ನಂಗೆ ನಾಚಿಕೆ ಅಂತ ಆಗಿದ್ದು ನಗುಗೆ ಅಲ್ಲ. ಅಜ್ಜಯ್ಯ ಮೂರು ವರ್ಷ ಹಾಸಿಗೆ ಹಿಡಿದಿದ್ರು. ಎತ್ತೋದು, ತೊಳೆಯೋದು, ರಾತ್ರಿ ಎರಡೂವರೆಗೆ ಎದ್ದು ಮಗ್ಗುಲು ಬದಲಿಸೋದು, ಎಲ್ಲ ಅಮ್ಮನೇ. ನಾನು ಮಾಡ್ತಿದ್ದಿದ್ದು ಶಿವಮೊಗ್ಗದಿಂದ ತಿಂಗಳಿಗೊಂದ್ಸಲ ಡೈಪರ್ ಬಂಡಲ್ ತಂದ್ಕೊಡೋದು ಅಷ್ಟೆ. ಅವತ್ತು ಸಂಜೆ ಎಲ್ಲ ಸ್ನಾನ ಮಾಡಿ ಪಕ್ಕದ ಮನೆಯಿಂದ ಬಂದಿದ್ದ ಗಂಜಿ ಉಂಡ ಮೇಲೆ ಅಮ್ಮ ಬಚ್ಚಲಲ್ಲಿ ಬಟ್ಟೆ ಹಿಂಡ್ತಾ "ಇವತ್ತು ರಾತ್ರಿ ಏಳೋದು ಬೇಡ" ಅಂದ್ಲು, ಅಂದವಳೇ ಯಾರಾದ್ರೂ ಕೇಳಿಸ್ಕೊಂಡ್ರಾ ಅಂತ ತಿರುಗಿ ನೋಡಿದ್ಲು. ನಾನು ಬಾಗಿಲಲ್ಲಿದ್ದೆ. ಬೆಳಗಿಂದ ನಂಗೂ ಒಳಗೊಳಗೇ ಅದೇ ಆಗ್ತಿತ್ತು, ಉಸ್ಸಪ್ಪಾ ಅನ್ನೋದು. ಅಮ್ಮನಿಗೆ ಹಂಗೆ ಅನ್ಸೋಕೆ ಹಕ್ಕಿತ್ತು, ನಂಗೇನಿತ್ತು? ನಿಮ್ಮ ಅಜ್ಜಿನೂ ಎರಡು ವರ್ಷ ಮಲಗಿದ್ರು ಅಂತ ಪ್ರಶ್ನೆ ಕೊನೇಲಿ ಒಂದು ಸಾಲು ಬರೆದಿದೀರಲ್ಲ, ನಿಮಗೆ ನಿದ್ದೆ ಕೆಡಿಸ್ತಿರೋದು ನಗುನಾ ಅಥವಾ ಇದಾ, ಒಂದ್ಸಲ ನೋಡ್ಕೊಳ್ಳಿ. (ಅಮ್ಮ ಅವತ್ತು ರಾತ್ರಿ ಎರಡೂವರೆಗೆ ಎದ್ಲು. ಅಭ್ಯಾಸ.)

ಪ್ರಾಬ್ಲಮ್ಮಾ ಅಂತ ಕೇಳಿದ್ರಲ್ಲ, ಅದಕ್ಕೆ ಓದಿದ್ದು ಎರಡು ಮಾತು. ಸ್ಟ್ಯಾನ್ಲಿ ಮಿಲ್‌ಗ್ರಾಮ್ ಅನ್ನೋ ಮನಶ್ಶಾಸ್ತ್ರಜ್ಞರ ಹೆಸರಾದ ಪ್ರಯೋಗ ಇದೆ, 1963ರಲ್ಲಿ ಪ್ರಕಟ ಆಗಿದ್ದು, ಪಕ್ಕದ ರೂಮಲ್ಲಿರೋನಿಗೆ ಕರೆಂಟ್ ಶಾಕ್ ಕೊಡ್ತಿದೀವಿ ಅಂತ ನಂಬ್ಕೊಂಡಿದ್ದ 40 ಜನರಲ್ಲಿ 14 ಜನಕ್ಕೆ ಬೆವರು, ನಡುಕದ ಮಧ್ಯ ನಗು ಬಂದಿತ್ತು, ಆಮೇಲೆ ನಾವು ಅಂಥೋರಲ್ಲ, ಖುಷಿಗೆ ನಕ್ಕಿದ್ದಲ್ಲ ಅಂತ ಥೇಟ್ ನಿಮ್ಮ ಥರಾನೇ ಸಮಜಾಯಿಷಿ ಕೊಟ್ರಂತೆ. ಇನ್ನೊಂದು 1997ರದ್ದು, ಬೊನಾನೊ ಮತ್ತು ಕೆಲ್ಟ್‌ನರ್ ಅನ್ನೋರು ಮಾಡಿದ್ದು: ಗಂಡನೋ ಹೆಂಡ್ತಿನೋ ಹೋಗಿ ಆರು ತಿಂಗಳಾದೋರನ್ನ ಕೂರಿಸಿ ಮಾತಾಡಿಸಿದ್ರೆ, ಹೋದೋರ ಬಗ್ಗೆ ಹೇಳ್ತಾ ಮನಸಾರೆ ನಕ್ಕೋರು ಮುಂದೆ ಚೆನ್ನಾಗಿ ಸುಧಾರಿಸ್ಕೊಂಡಿದ್ರು. ಹಂಗಂತ ಇದನ್ನ ಪ್ರಿಂಟ್ ತೆಗೆದು ಅತ್ತೆಗೆ ತೋರಿಸ್ಬೇಡಿ, ಇನ್ನೊಂದು ಬೈಗುಳ ಗ್ಯಾರಂಟಿ. ಅತ್ತೆಗೆ ಅಮ್ಮ ಹೋಗಿದಾರೆ, ನಿಮಗೆ ಅಜ್ಜಿ ಹೋಗಿದಾರೆ, ಎರಡೂ ಒಂದೇ ಅಲ್ಲ. ಸುಮ್ನೆ ಒಂದಿನ ಹೋಗಿ ಅಜ್ಜಿ ಕತೆ ಏನಾದ್ರೂ ಎತ್ತಿ, ಅವರೇ ನಗ್ತಾರೆ ನೋಡಿ.

ನಮ್ಮನೇಲಿ ಹನ್ನೊಂದನೇ ದಿನಕ್ಕೇ ಶುರು ಆಯ್ತು. ಎಡೆ ಇಡೋವಾಗ ಅಜ್ಜಯ್ಯನಿಗೆ ಇಷ್ಟ ಅಂತ ಕಡುಬು, ಕೋಳಿ ಸಾರು, ಕವಳ, ಒಂದು ಕ್ವಾರ್ಟರ್ ಎಲ್ಲ ಇಟ್ಟಿದ್ವಿ, ಬ್ರಾಂಡ್ ಯಾವುದು ಅಂತ ಸಣ್ಣ ಜಗಳನೂ ಆಯ್ತು. ಕೆಳಮನೆ ಭಾವ ಬಂದು ಕೂತಿದ್ದೇ ತಡ ಅಮ್ಮ ಹುಬ್ಬು ಹಾರಿಸಿ "ಭಾವ, ಎಂತದೋ ಕೂಗಿದ್ರಂತೆ ಅವತ್ತು?" ಅಂದ್ಲು. ಇಡೀ ಜಗಲಿ ಬಿದ್ದು ಬಿದ್ದು ನಕ್ತು, ದೊಡ್ಡಪ್ಪ ಕಣ್ಣೊರೆಸ್ಕೊಂಡ್ರು, ಅದು ಯಾವುದಕ್ಕೆ ಅಂತ ನಾವು ಕೇಳಕ್ಕೆ ಹೋಗ್ಲಿಲ್ಲ.

ಚಿಕ್ಕಪ್ಪನ ಕೇಸ್ ಇನ್ನೂ ನಡೀತಿದೆ, ಛತ್ರಿಯಿಂದ ಎಂತದೂ ಬಗೆಹರಿದಿಲ್ಲ, ಆಮೇಲೆ ಮಾತೂ ನಿಂತಿದೆ. ಆದ್ರೆ ಹೋದ ಮಳೆಗಾಲ ನಾನು ಊರಲ್ಲಿದ್ದಾಗ ಅಮ್ಮ ಹಿತ್ತಲಲ್ಲಿ ಕೆಸುವಿನೆಲೆ ಕೊಯ್ತಾ ಇದ್ದೋಳು ಕಾಲು ಕೊಡವ್ತಾ "ಅಯ್ಯೋ ಉಂಬಳಾ" ಅಂತ ಕಿರುಚಿದ್ಲು, ಬೇಲಿ ಆಚೆ ತೋಟದಿಂದ ಚಿಕ್ಕಪ್ಪನ ಸ್ವರ ಬಂತು, "ಗೋವಿಂದಾ."