ಓದಿಸಿದರೆ ಬಡತನ ಹೋಗುತ್ತಾ, ಮೇಡಂ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಪಿಯುಸಿ ಫಲಿತಾಂಶ ಬಂದ ಮೇಲೆ ಮನೆಮನೆಯಲ್ಲೂ ಇದೇ ಲೆಕ್ಕಾಚಾರ ಅಲ್ವಾ. ಅದಕ್ಕೆ ಪಿಎಫ್, ಚಿನ್ನದ ಸಾಲ, ಚೀಟಿ ವ್ಯವಹಾರದ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಮ್ಮದು ಸಿಂಧನೂರು ತಾಲೂಕಿನ ಒಂದು ಹಳ್ಳಿ. ಹೊಲ ಇಲ್ಲ. ಅಪ್ಪ ರೈಸ್ ಮಿಲ್‌ನಲ್ಲಿ ಹಮಾಲಿ ಮಾಡುತ್ತಿದ್ದರು, ಐವತ್ತಕ್ಕೇ ಬೆನ್ನು ಹೋಯಿತು, ಈಗ ಮನೆಯಲ್ಲಿದ್ದಾರೆ. ಅವ್ವ ನಾಟಿ, ಕಳೆ ಕೆಲಸಕ್ಕೆ ಹೋಗುತ್ತಾಳೆ. ನಾನು 2021ರಲ್ಲಿ ಬಿ.ಎ. ಮುಗಿಸಿದೆ. ಧಾರವಾಡದಲ್ಲಿ ರೂಮು ಮಾಡಿ ಎರಡು ವರ್ಷ ಪರೀಕ್ಷೆಗಳಿಗೆ ಓದಿದೆ, ಯಾವುದೂ ಆಗಲಿಲ್ಲ. ಈಗ ಅಪ್ಪ ಚೀಲ ಹೊತ್ತ ಮಿಲ್‌ನಲ್ಲೇ ಲೆಕ್ಕ ಬರೆಯುತ್ತೇನೆ, ತಿಂಗಳಿಗೆ 11 ಸಾವಿರ. ತಂಗಿಗೆ ಪಿಯುಸಿ ಸೈನ್ಸ್‌ನಲ್ಲಿ 86 ಪರ್ಸೆಂಟ್ ಬಂದಿದೆ, ಮುಂದೆ ಓದುತ್ತೇನೆ ಅಂತ ಹಠ. ಅವ್ವ ಕೇಳುತ್ತಾಳೆ, "ನಿನ್ನ ಓದಿಸಿ ಏನು ಬಂತು, ಈಗ ಇವಳನ್ನೂ ಓದಿಸಲಾ?" ನನ್ನ ಹತ್ತಿರ ಉತ್ತರ ಇಲ್ಲ. ಓದಿದರೆ ಬಡತನ ಹೋಗುತ್ತದೆ ಅನ್ನೋದು ಸುಳ್ಳಾ?

ಉತ್ತರ: ತಮ್ಮಾ, ಸುಳ್ಳಲ್ಲ. ಆದರೆ ಅರ್ಧ ಹೇಳಿ ಬಿಟ್ಟ ಮಾತು.

ಮೊದಲು ನಿಮ್ಮ ಅವ್ವನ ಪ್ರಶ್ನೆ. ನಿಮ್ಮಪ್ಪ ಚೀಲ ಹೊತ್ತರು, ನೀವು ಅದೇ ಮಿಲ್‌ನಲ್ಲಿ ಚೀಲ ಎಣಿಸಿ ಬರೆಯುತ್ತೀರಿ. ಸುಗ್ಗಿಯಲ್ಲಿ ಒಬ್ಬ ಗಟ್ಟಿ ಹಮಾಲಿ ನಿಮಗಿಂತ ಜಾಸ್ತಿಯೇ ದುಡಿಯಬಹುದು, ಅವ್ವನ ಕಣ್ಣಿಗೆ ಕಾಣೋದು ಅದೇ, ತಪ್ಪೇನಿಲ್ಲ. ಆದರೆ ಐವತ್ತಕ್ಕೆ ನಿಮ್ಮ ಬೆನ್ನು ಹೋಗಲ್ಲ, ಅರವತ್ತರ ತನಕ ದುಡಿಯಬಹುದು. ಇದನ್ನು ಯಾರೂ ಸಂಬಳದ ಲೆಕ್ಕಕ್ಕೆ ಹಿಡಿಯಲ್ಲ. ಹಾಗಂತ 11 ಸಾವಿರಕ್ಕೆ ತೃಪ್ತಿಪಟ್ಟುಕೊಳ್ಳಿ ಅಂತ ನಾನೂ ಹೇಳಲ್ಲ.

ಡಿಗ್ರಿಯವರಿಗೇ ಕೆಲಸ ಇಲ್ಲ ಅನ್ನೋದಕ್ಕೆ ಅಂಕಿ ಬೇಕಾದರೆ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯವರೂ ಸೇರಿ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯಲ್ಲಿ, 2022ರ ಹೊತ್ತಿಗೆ ಪದವಿ ಮುಗಿಸಿದ ಯುವಜನರ ನಿರುದ್ಯೋಗ ನೂರಕ್ಕೆ 29.1, ಓದು ಬರಹ ಬಾರದ ಯುವಜನರದ್ದು ಬರೀ 3.4. ಇದನ್ನು ವಾಟ್ಸ್ಆ್ಯಪ್‌ನಲ್ಲಿ "ನೋಡಿ, ಓದದೇ ಇದ್ದವರೇ ವಾಸಿ" ಅಂತ ಕಳಿಸಿದವರು ನನ್ನ ನೆಂಟರಲ್ಲೇ ಇದ್ದಾರೆ. (ಅವರ ಮಗ ಮಾತ್ರ ಎಂಜಿನಿಯರಿಂಗ್ ಓದುತ್ತಿದ್ದಾನೆ.) ಅಂಕಿಯನ್ನು ಹಾಗೆ ಓದಬಾರದು. ಓದು ಬಾರದವರಿಗೆ ನಿರುದ್ಯೋಗಿಯಾಗಿ ಕೂರುವ ಅವಕಾಶವೇ ಇಲ್ಲ. ಇವತ್ತು ಕೂಲಿಗೆ ಹೋಗದಿದ್ದರೆ ರಾತ್ರಿ ಒಲೆ ಉರಿಯಲ್ಲ, ಹಾಗಾಗಿ ಎಷ್ಟು ಕೊಟ್ಟರೂ ಹೋಗುತ್ತಾರೆ, ಲೆಕ್ಕದಲ್ಲಿ "ಉದ್ಯೋಗಿ" ಆಗುತ್ತಾರೆ. ನಿಮ್ಮ ಅವ್ವನೂ ಆ ಲೆಕ್ಕದಲ್ಲಿ ಉದ್ಯೋಗಿಯೇ. ಡಿಗ್ರಿ ಆದವರು ಓದಿಗೆ ತಕ್ಕ ಕೆಲಸ ಸಿಗಲಿ ಅಂತ ಕಾಯುತ್ತಾರೆ. ಕಾಯುವಷ್ಟು ದಿನ ಯಾರೋ ಅನ್ನ ಹಾಕಬೇಕು.

ನನ್ನ ಪ್ರಕಾರ ಇಡೀ ವಿಷಯ ಇರೋದೇ ಇಲ್ಲಿ. ಓದಿಸೋದು ಅಂದ ತಕ್ಷಣ ನಾವು ಫೀಸಿನ ಲೆಕ್ಕ ಹಾಕುತ್ತೇವೆ. ಸರ್ಕಾರಿ ಡಿಗ್ರಿ ಕಾಲೇಜಿನ ಫೀಸು ಅಂಥ ದೊಡ್ಡದಲ್ಲ. ಮನೆಯನ್ನು ಹಣ್ಣು ಮಾಡೋದು ಅದಾದ ಮೇಲಿನ ಕಾಯುವಿಕೆ. ಧಾರವಾಡದ ಸಪ್ತಾಪುರದ ಗಲ್ಲಿಗಳಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ, ಒಂದು ರೂಮಿಗೆ ನಾಲ್ಕು ಜನ ಸೇರಿಕೊಂಡು, ಮೆಸ್ಸಿನ ಊಟ ಮಾಡಿಕೊಂಡು, ಲೈಬ್ರರಿ ಸೀಟಿಗೆ ಬೇರೆ ದುಡ್ಡು ಕಟ್ಟಿ ಓದುವ ಸಾವಿರಾರು ಹುಡುಗ ಹುಡುಗಿಯರು ಮಾಡುತ್ತಿರೋದು ಇದನ್ನೇ. ಎಷ್ಟು ಕಾಯಬೇಕು ಅಂತಲೂ ಯಾರಿಗೂ ಗೊತ್ತಿಲ್ಲ. 545 ಪಿಎಸ್ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು, ಅಕ್ರಮ ಬಯಲಾಗಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಮೇಷ್ಟ್ರ ಮಗ ಆ ಎರಡು ವರ್ಷ ಮೂರು ತಿಂಗಳು ಮನೆ ದುಡ್ಡಲ್ಲಿ ಓದುತ್ತಾ ಕೂತ. ಕೂಲಿಯವರ ಮಗ ನಡುವೆಯೇ ಪುಸ್ತಕ ಕಟ್ಟಿಟ್ಟು ಊರಿಗೆ ಬಂದ. ಇಬ್ಬರ ಡಿಗ್ರಿಯೂ ಒಂದೇ, ಬುದ್ಧಿಯೂ ಒಂದೇ ಇರಬಹುದು. ಆಮೇಲೆ ನಾವು "ಅವನಿಗೆ ಛಲ ಇತ್ತು" ಅನ್ನುತ್ತೇವೆ.

ಕಾಯುವವರ ಕೈಹಿಡಿಯಲಿ ಅಂತಲೇ ರಾಜ್ಯ ಸರ್ಕಾರದ ಯುವನಿಧಿ ಬಂತು. ಪದವಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಆದರೆ ಅದು 2022-23ರಲ್ಲಿ ಪಾಸಾದವರಿಂದ ಶುರುವಾಗಿದ್ದು, ನೀವು 2021ರವರು, ನಿಮಗೆ ತಪ್ಪಿತು. ತಂಗಿಯ ಹೊತ್ತಿಗೆ ಇದ್ದರೆ ಒಳ್ಳೆಯದು, ಅದನ್ನೇ ನೆಚ್ಚಿಕೊಂಡು ಲೆಕ್ಕ ಹಾಕಬೇಡಿ.

ನನ್ನದೇ ಕಥೆ ಹೇಳಬೇಕು ಅಂದರೆ, ಅಮ್ಮ ಬೀಡಿ ಕಟ್ಟುತ್ತಿದ್ದರು, ನಾನು ಹಿಂದುಳಿದ ವರ್ಗಗಳ ಹಾಸ್ಟೆಲ್‌ನಲ್ಲಿ ನೀರು ಸಾರು ಉಂಡು ಎಂ.ಎ. ಮುಗಿಸಿದೆ, ಮುಂದಿನ ವರ್ಷವೇ ಉಪನ್ಯಾಸಕಿ ಕೆಲಸ ಸಿಕ್ಕಿತು. ಅದು ನನ್ನ ಬುದ್ಧಿವಂತಿಕೆ ಅಂತ ಬಹಳ ವರ್ಷ ನಂಬಿಕೊಂಡಿದ್ದೆ. ಆಗ ಹೊಸ ಕಾಲೇಜುಗಳು ತೆರೆಯುತ್ತಿದ್ದವು, ಎಂ.ಎ. ಆದವರೇ ಕಡಿಮೆ. ನಾನು ಕಾದದ್ದು ಎಂಟು ತಿಂಗಳು, ಅಷ್ಟೇ. ಎಂಟು ವರ್ಷ ಕಾಯಬೇಕಾಗಿದ್ದರೆ ನಾನೂ ಬೀಡಿ ಕಟ್ಟುತ್ತಿದ್ದೆ.

ಈಗ ತಂಗಿ ವಿಷಯ. ಕೋರ್ಸ್ ಯಾವುದೇ ಇರಲಿ, ಒಂದು ಮಾತು ಕೇಳಿಕೊಳ್ಳಿ: ಓದು ಮುಗಿದ ದಿನದಿಂದ ಮೊದಲ ಸಂಬಳದ ತನಕ ಎಷ್ಟು ತಿಂಗಳು ಕಾಯಬೇಕು? ಬಿ.ಎಸ್ಸಿ., ಆಮೇಲೆ ಬಿ.ಎಡ್., ಆಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ, ಆಮೇಲೆ ಯಾವಾಗಲೋ ಕರೆಯುವ ನೇಮಕಾತಿ, ಇದು ಉದ್ದದ ದಾರಿ. ಡಿ.ಎಡ್. ಕಥೆ ನೆನಪಿರಬೇಕು, ನೌಕರಿ ಗ್ಯಾರಂಟಿ ಅಂತ ಊರೂರಿಗೆ ಕಾಲೇಜು ಎದ್ದವು, ನೇಮಕಾತಿ ಕಡಿಮೆಯಾದ ಮೇಲೆ ಒಂದೊಂದಾಗಿ ಬಾಗಿಲು ಹಾಕಿದವು. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ, ಖಾಸಗಿ ಆಸ್ಪತ್ರೆಗಳಲ್ಲಿ ಶುರುವಿನ ಸಂಬಳ ಹೇಳಿಕೊಳ್ಳುವಂಥದ್ದಲ್ಲ, ನೈಟ್ ಡ್ಯೂಟಿ ಬೇರೆ, ಆದರೆ ಕಾಯುವುದು ಕಡಿಮೆ. ಲ್ಯಾಬ್ ಟೆಕ್ನಿಷಿಯನ್ ಥರದ ಪ್ಯಾರಾಮೆಡಿಕಲ್ ಕೋರ್ಸುಗಳೂ ಹಾಗೇ. ಇಷ್ಟೆಲ್ಲ ಬರೆದಿದ್ದೀರಿ, ಅವಳಿಗೆ ಏನು ಓದಲು ಇಷ್ಟ ಅಂತ ಒಂದು ಸಾಲೂ ಬರೆದಿಲ್ಲ ನೋಡಿ. ಮೊದಲು ಅದನ್ನು ಕೇಳಿ.

ನಿಮ್ಮದು ರಾಯಚೂರು ಜಿಲ್ಲೆ. ಸಂವಿಧಾನದ 371ಜೆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಅಲ್ಲಿನವರಿಗೆ, ಉಳಿದ ಕಡೆ ನೂರಕ್ಕೆ 8. ಅರ್ಹತಾ ಪ್ರಮಾಣಪತ್ರ ಮಾಡಿಸಿದ್ದೀರಾ? ಕೌನ್ಸೆಲಿಂಗ್ ಹಿಂದಿನ ದಿನ ಕಚೇರಿಗೆ ಓಡಿ ಸೀಟು ಕಳೆದುಕೊಂಡ ಮಕ್ಕಳನ್ನು ಕಂಡಿದ್ದೇನೆ. ಹಾಸ್ಟೆಲ್‌ಗೆ ಈಗಲೇ ಅರ್ಜಿ ಹಾಕಿ. ಹಾಸ್ಟೆಲ್ ಸಿಗದಿದ್ದರೆ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಇದೆ, ವರ್ಷಕ್ಕೆ ಹತ್ತು ತಿಂಗಳು ತಿಂಗಳಿಗೆ ಇಷ್ಟು ಅಂತ ಸಹಾಯಧನ ಕೊಡುತ್ತಾರೆ. ಅವಳು ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದ್ದರೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ವಿದ್ಯಾರ್ಥಿವೇತನಕ್ಕೂ ಹಾಕಿಸಿ, ವರ್ಷಕ್ಕೆ 30,000, ಹೆಣ್ಣುಮಕ್ಕಳಿಗೇ ಇರೋದು. ಬಸ್ಸು ಹೇಗೂ ಫ್ರೀ.

ಅವ್ವನಿಗೆ ಹೇಳಿ, ನಿಮ್ಮನ್ನು ಓದಿಸುವಾಗ ಮನೆಯಲ್ಲಿ ದಾರಿ ಗೊತ್ತಿದ್ದವರು ಯಾರೂ ಇರಲಿಲ್ಲ. ಈಗ ನೀವಿದ್ದೀರಿ. ಯಾವ ಅರ್ಜಿ ಯಾವಾಗ, ಯಾವ ಕೋಚಿಂಗ್‌ನವರು ಬರೀ ಬೋರ್ಡು ಅಂತ ನಿಮಗೆ ಗೊತ್ತು. ಧಾರವಾಡದ ಎರಡು ವರ್ಷದಲ್ಲಿ ನಿಮ್ಮ ಮನೆಗೆ ಬಂದದ್ದು ಅದು.

ಪ್ರಶ್ನೆ: ಎಚ್ಚೆನ್ ಅವರು ಬೆಂಗಳೂರಿಗೆ ನಡೆದುಕೊಂಡೇ ಹೋಗಿ ಓದಿ ದೊಡ್ಡವರಾದರು, ಛಲ ಇದ್ದರೆ ಬಡತನ ಅಡ್ಡಿ ಬರಲ್ಲ ಅಂತ ನಮ್ಮ ಮೇಷ್ಟ್ರು ವಾರಕ್ಕೊಂದು ಸಲ ಹೇಳ್ತಾರೆ. ನಿಜಾನಾ ಮೇಡಂ? – ಪಿಯು ವಿದ್ಯಾರ್ಥಿ, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ನಡೆದದ್ದು ನಿಜ ಕಣಪ್ಪ. ಎಚ್. ನರಸಿಂಹಯ್ಯನವರು 1935ರಲ್ಲಿ ಗೌರಿಬಿದನೂರಿನ ಕಡೆಯಿಂದ ಬೆಂಗಳೂರಿಗೆ ನಡೆದೇ ಬಂದರು, ಬಸ್ಸಿಗೆ ಕಾಸಿರಲಿಲ್ಲ. ಆಮೇಲೆ ಅಮೆರಿಕದಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೆ ನಿಮ್ಮ ಮೇಷ್ಟ್ರು ನಡಿಗೆಯ ಕಥೆ ಹೇಳಿ ನಿಲ್ಲಿಸುತ್ತಾರೆ. ಬೆಂಗಳೂರಿನಲ್ಲಿ ಬಡ ಹುಡುಗರಿಗೆ ಊಟ, ವಸತಿ ಕೊಡುವ ಜಾಗ ಇತ್ತು, ಸೇರಿಸಿಕೊಳ್ಳುವ ಶಾಲೆ ಇತ್ತು. ಅಷ್ಟು ದೂರ ನಡೆದು ಬಂದ ಮೇಲೆ ಎದುರಿಗೆ ಬಾಗಿಲು ಮುಚ್ಚಿದ್ದರೆ ಹುಡುಗ ವಾಪಸ್ ನಡೆದುಕೊಂಡು ಹೋಗಬೇಕಿತ್ತು, ಛಲ ಎಷ್ಟಿದ್ದರೂ. ಹಿಂದೆ ವಾರಾನ್ನ ಉಂಡು, ಅಂದರೆ ದಿನಕ್ಕೊಂದು ಮನೆಯಂತೆ ವಾರವಿಡೀ ಉಂಡು, ಓದಿದವರ ಕಥೆಗಳೂ ಇಂಥವೇ. ಉಂಡವರ ಹೆಸರು ಉಳಿದಿದೆ, ಬಡಿಸಿದ ಏಳು ಮನೆಯವರ ಹೆಸರು ಯಾರಿಗೂ ಗೊತ್ತಿಲ್ಲ. ಮೇಷ್ಟ್ರಿಗೆ ಎದುರು ಮಾತಾಡಬೇಡ. ನಿಮ್ಮ ತಾಲೂಕಿನ ಹಾಸ್ಟೆಲ್‌ನಲ್ಲಿ ಎಷ್ಟು ಸೀಟಿದೆ ಅಂತ ಸುಮ್ನೆ ಒಂದು ಸಲ ಕೇಳಿ ನೋಡು.

ಪ್ರಶ್ನೆ: ಮಗನಿಗೆ ಸಿಇಟಿ ರ‍್ಯಾಂಕ್ ಚೆನ್ನಾಗಿ ಬರಲಿಲ್ಲ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟಿಗೆ ನಾಲ್ಕು ವರ್ಷಕ್ಕೆ 14 ಲಕ್ಷ ಕೇಳುತ್ತಿದ್ದಾರೆ. ಇರುವ ಎರಡೂವರೆ ಎಕರೆ ತೆಂಗಿನ ತೋಟದಲ್ಲಿ ಒಂದು ಎಕರೆ ಮಾರಲಾ, ಸಾಲ ಮಾಡಲಾ? – ಚನ್ನರಾಯಪಟ್ಟಣ

ಉತ್ತರ: ಎರಡೂ ಬೇಡ ಯಜಮಾನ್ರೇ.

ತೋಟ ಇರೋದರಿಂದಲೇ ನಿಮ್ಮ ಮಗ ಕಾಯಬಲ್ಲ. ಅದನ್ನು ಮಾರಿ ಡಿಗ್ರಿ ಕೊಂಡರೆ ಡಿಗ್ರಿ ಆದ ಮೇಲೆ ಕಾಯಲು ಏನೂ ಉಳಿದಿರಲ್ಲ. ಇನ್ನು ಸಾಲ. 10 ಲಕ್ಷ ಸಾಲಕ್ಕೆ ನೂರಕ್ಕೆ 11ರ ಬಡ್ಡಿ, ಏಳು ವರ್ಷದಲ್ಲಿ ತೀರಿಸಬೇಕು ಅಂದರೆ ತಿಂಗಳ ಕಂತು 17 ಸಾವಿರ ದಾಟುತ್ತದೆ, ಓದುವಾಗ ಬೆಳೆದ ಬಡ್ಡಿ ಬಿಟ್ಟು. ದೊಡ್ಡ ಐಟಿ ಕಂಪನಿಗಳು ಹೊಸಬರಿಗೆ ಕೊಡುವ ವರ್ಷದ ಮೂರೂವರೆ ಲಕ್ಷದ ಆಸುಪಾಸಿನ ಸಂಬಳ ಹತ್ತು ವರ್ಷದಿಂದ ಅಲ್ಲೇ ಕೂತಿದೆ. ಕೈಗೆ ತಿಂಗಳಿಗೆ 25 ಸಾವಿರ ಬಂತು ಅನ್ನಿ. ಕಂತು ಕಟ್ಟಿ, ಪಿಜಿ ಬಾಡಿಗೆ ಕೊಟ್ಟ ಮೇಲೆ ಅವನು ಊರಿಂದ ಅಕ್ಕಿ, ಕಾಯಿ ತರಿಸಿಕೊಳ್ಳಬೇಕು. ಅದೂ ಕೆಲಸ ಸಿಕ್ಕಿದ್ದರೆ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಕೇಂದ್ರದ ಬಡ್ಡಿ ಸಹಾಯವೂ ಇಲ್ಲ, ಏಜೆಂಟರು ಇದನ್ನು ಹೇಳಲ್ಲ.

ಅವನು ಸೈನ್ಸ್ ಓದಿರೋದರಿಂದ ಪಾಲಿಟೆಕ್ನಿಕ್‌ನಲ್ಲಿ ನೇರ ಎರಡನೇ ವರ್ಷದ ಡಿಪ್ಲೊಮಾ ಸೇರಬಹುದು. ಅದು ಮುಗಿಸಿ ಡಿಪ್ಲೊಮಾದವರ ಸಿಇಟಿ, ಅಂದರೆ ಡಿಸಿಇಟಿ ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಪ್ರವೇಶ. ಒಂದು ವರ್ಷ ಜಾಸ್ತಿ ಹಿಡಿಯುತ್ತದೆ, ಲಕ್ಷಗಟ್ಟಲೆ ಉಳಿಯುತ್ತದೆ, ನಡುವೆ ಒಳ್ಳೆಯ ಕೆಲಸ ಸಿಕ್ಕರೆ ಅಲ್ಲೇ ನಿಲ್ಲಬಹುದು. ನೆಂಟರು "ಡಿಪ್ಲೊಮಾನಾ?" ಅಂತ ಮೂಗು ಮುರಿಯುತ್ತಾರೆ, ಮುರಿಯಲಿ ಬಿಡಿ, ಕಂತು ಕಟ್ಟೋದು ಅವರಲ್ಲ.

ಪ್ರಶ್ನೆ: ಎಂ.ಎ., ನೆಟ್, ಪಿಎಚ್.ಡಿ. ಎಲ್ಲ ಆಗಿದೆ. ವಯಸ್ಸು 41. ಅತಿಥಿ ಉಪನ್ಯಾಸಕ. ರಜೆಯ ತಿಂಗಳು ಸಂಬಳ ಇಲ್ಲ, ಆಗ ತಮ್ಮನ ಗೊಬ್ಬರದ ಅಂಗಡಿಯಲ್ಲಿ ಕೂರುತ್ತೇನೆ. ತಮ್ಮ ಎಸ್ಎಸ್ಎಲ್‌ಸಿ ಫೇಲು. ಮಕ್ಕಳು ಬಂದು "ಸರ್, ಎಂ.ಎ. ಮಾಡಲಾ?" ಅಂದರೆ ಏನು ಹೇಳಲಿ? – ಹೆಸರು, ಊರು ಬೇಡ

ಉತ್ತರ: ನಿಮ್ಮ ಪತ್ರ ಓದಿ ಎರಡು ದಿನ ಸುಮ್ಮನಿದ್ದೆ. ನಾನಿದ್ದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯವರೂ ಅತಿಥಿ ಉಪನ್ಯಾಸಕರೇ. ನನಗಿಂತ ಚೆನ್ನಾಗಿ ಪಾಠ ಮಾಡುತ್ತಿದ್ದರು. ನನ್ನ ಸಂಬಳದ ಕಾಲು ಭಾಗವೂ ಅವರಿಗೆ ಬರುತ್ತಿರಲಿಲ್ಲ. ಸಂಬಳದ ದಿನ ಅವರೆದುರು ಸಂಬಳದ ಮಾತು ಆಡದೇ ಇರೋದನ್ನೇ ನಾವೆಲ್ಲ ದೊಡ್ಡ ಮರ್ಯಾದೆ ಅಂದುಕೊಂಡಿದ್ದೆವು. ಈಗ ನಾಚಿಕೆಯಾಗುತ್ತದೆ.

ಕೇಳಿದ ಮಕ್ಕಳಿಗೆ ಎಂ.ಎ. ಮಾಡು ಅಂತಲೂ ಹೇಳಬೇಡಿ, ಬೇಡ ಅಂತಲೂ ಹೇಳಬೇಡಿ. ನಿಮಗೆ ಎಷ್ಟು ಬರುತ್ತದೆ, ಯಾವ ಯಾವ ತಿಂಗಳು ಬರಲ್ಲ, ಕಾಯಂ ನೇಮಕಾತಿಗೆ ಎಷ್ಟು ವರ್ಷದಿಂದ ಕಾಯುತ್ತಿದ್ದೀರಿ ಅನ್ನೋದನ್ನು ಹೇಳಿ. ಎಂ.ಎ. ಓದಿದ್ದಕ್ಕೆ ನಿಮಗೆ ಖುಷಿ ಇದ್ದರೆ ಅದನ್ನೂ ಹೇಳಿ, ಮುಚ್ಚಿಡಬೇಡಿ. ಆಮೇಲೆ "ನಿಮ್ಮ ಮನೆಯಲ್ಲಿ ಎಷ್ಟು ವರ್ಷ ಕಾಯಲು ಆಗುತ್ತೆ?" ಅಂತ ಆ ಮಕ್ಕಳನ್ನೇ ಕೇಳಿ. ಒಂದಿಬ್ಬರನ್ನು ರಜೆಯಲ್ಲಿ ತಮ್ಮನ ಅಂಗಡಿಗೂ ಕರೆಯಿರಿ, ಎಸ್ಎಸ್ಎಲ್‌ಸಿ ಫೇಲಾದ ಮಾಲೀಕರ ಜೊತೆಯೂ ಮಾತಾಡಲಿ. ಸಾಲಕ್ಕೆ ಗೊಬ್ಬರ ಒಯ್ದ ರೈತರು ಮಳೆ ಕೈಕೊಟ್ಟ ವರ್ಷ ಏನು ಮಾಡುತ್ತಾರೆ ಅಂತ ಅವರು ಹೇಳಿಯಾರು.