ಓಣಂ ರಜೆಗೆ ಬರ್ತೀರಾ? ಮುರಕಲ್ಲು ನೋಡಿ

ಸಾಗರದಿಂದ ಬರ್ತೀರಿ, ಒಂದೇ ದಿನ ಇದೆ, ಕಾಸರಗೋಡಿನಲ್ಲಿ ಏನು ನೋಡಲಿ ಅಂತ ಕೇಳಿದ್ದೀರಿ. ಓಣಂ ರಜೆಯಲ್ಲೇ ಬನ್ನಿ. ನಮ್ಮಂಥ ಕನ್ನಡ, ತುಳು ಮನೆಗಳಲ್ಲಿ ಏಪ್ರಿಲಿನ ಹೊಸ ವರ್ಷ ಬಿಸುವೇ ದೊಡ್ಡ ಹಬ್ಬ, ಓಣಂ ಅಷ್ಟಾಗಿ ಇಲ್ಲ. ಆದರೆ ಶಾಲೆಗೆ ಉದ್ದ ರಜೆ, ಮನೆ ತುಂಬ ನೆಂಟರು. ಎಲ್ಲರೂ ಒಟ್ಟಾಗಿ ಸುತ್ತಲು ಹೊರಡುವುದು ಆಗಲೇ.

ಬೆಳಗ್ಗೆ ಅನಂತಪುರಕ್ಕೆ ಹೋಗಿ. ಕುಂಬಳೆಯಿಂದ ಬದಿಯಡ್ಕ ರಸ್ತೆ ಹಿಡಿದರೆ ದೂರವಿಲ್ಲ. ಕೆರೆಯ ನಡುವೆ ಗುಡಿ, ದಾಟಲು ಚಿಕ್ಕ ಸೇತುವೆ. ತಿರುವನಂತಪುರದ ಪದ್ಮನಾಭನಿಗೆ ಇದೇ ಮೂಲಸ್ಥಾನ ಅಂತ ನಂಬಿಕೆ. ಇಲ್ಲಿ ಬಬಿಯಾ ಅನ್ನುವ ಮೊಸಳೆ ಇತ್ತು, ಪೂಜೆಯಾದ ಮೇಲೆ ನೈವೇದ್ಯದ ಅನ್ನ ತಿನ್ನುತ್ತಿತ್ತು. 2022ರ ಅಕ್ಟೋಬರಿನಲ್ಲಿ ಅದು ತೀರಿಕೊಂಡಾಗ ಊರೇ ಬಂದು ಅತ್ತಿತು. ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು.

ಮೊಸಳೆಯನ್ನೇ ಹುಡುಕುತ್ತಾ ನಿಲ್ಲಬೇಡಿ, ಸುತ್ತಲಿನ ಕಲ್ಲನ್ನೂ ನೋಡಿ. ಎಲ್ಲ ಮುರಕಲ್ಲು, ಅಂದರೆ ತೂತು ತೂತಾದ ಕೆಂಪು ಜಂಬಿಟ್ಟಿಗೆ ಕಲ್ಲು. ಮಳೆ ಬಿಟ್ಟ ಹೊತ್ತಿಗೆ ಕೆಂಪು ಇನ್ನೂ ಜಾಸ್ತಿ. ಕಲ್ಲಿನ ತೂತುಗಳಲ್ಲಿ ನೀರು ನಿಂತಿರುತ್ತದೆ, ಅಂಚಿನಲ್ಲಿ ಬೆರಳುದ್ದದ ಜರಿಗಿಡ. ಕೈಯಿಟ್ಟರೆ ತಣ್ಣಗೆ, ಒರಟು.

ಮಧ್ಯಾಹ್ನದ ಮೇಲೆ ಚಂದ್ರಗಿರಿ ಹೊಳೆ ದಾಟಿ ಬೇಕಲ ಕೋಟೆಗೆ. ಅಲ್ಲೂ ಅದೇ ಕಲ್ಲು, ಆದರೆ ಸುಮಾರು 40 ಎಕರೆಗೆ ಬೇಲಿ ಹಾಕಿದ ಹಾಗೆ ಗೋಡೆಯಾಗಿ ನಿಂತಿದೆ. ಕಟ್ಟಿಸಿದ್ದು ಯಾರು ಗೊತ್ತಾ? ನಿಮ್ಮೂರ ಪಕ್ಕದ ಕೆಳದಿಯ ಶಿವಪ್ಪ ನಾಯಕ, 1650ರ ಸುಮಾರಿಗೆ. ಆಮೇಲೆ ಹೈದರ್, ಟಿಪ್ಪು, ಕೊನೆಗೆ ಈಸ್ಟ್ ಇಂಡಿಯಾ ಕಂಪನಿ. ಬಾಗಿಲಲ್ಲೇ ಆಂಜನೇಯನ ಗುಡಿ, ಹೊರಗೆ ಹತ್ತಿರದಲ್ಲೇ ಹಳೆಯ ಮಸೀದಿ. ಎರಡಕ್ಕೂ ಜನ ಬರ್ತಾ ಇರುತ್ತಾರೆ. ಸಮುದ್ರದ ಕಡೆ ಗೋಡೆಯಲ್ಲಿ ಗುಂಡು ಹಾರಿಸಲು ಬಿಟ್ಟ ಕಿಂಡಿಗಳಿವೆ. ಒಂದಕ್ಕೆ ಕಣ್ಣಿಟ್ಟು ನೋಡಿ. ಅಷ್ಟು ದೊಡ್ಡ ಕಡಲು ಅಂಗೈಯಷ್ಟಾಗಿ ಕಾಣುತ್ತದೆ. ಸುಮ್ನೆ ಸೆಲ್ಫಿ ತೆಗೆದು ಓಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

1956ರ ನವೆಂಬರ್ 1ರಿಂದ ನಾವು ಕೇರಳದವರು. ಬಸ್ಸಿನ ಬೋರ್ಡು ಹೆಚ್ಚಾಗಿ ಮಲಯಾಳದಲ್ಲಿ ಇರುತ್ತದೆ, ಅದಕ್ಕೆ ಹೆದರಬೇಡಿ. ಕಾಸರಗೋಡು, ಕುಂಬಳೆ ಕಡೆ ಕನ್ನಡದಲ್ಲೇ ಕೇಳಿ, ದಾರಿ ಹೇಳುವವರು ಸಿಗುತ್ತಾರೆ. ಬೇಕಲದಲ್ಲಿ ಸ್ವಲ್ಪ ಕಡಿಮೆ.

ಸಂಜೆ ಸಮಯ ಉಳಿದರೆ ಮಧೂರು ದೇವಸ್ಥಾನ. ಆನೆಯ ಬೆನ್ನಿನ ಹಾಗೆ ದುಂಡಗಿರುವ ಗರ್ಭಗುಡಿಯ ಹಿಂಭಾಗವನ್ನು ಒಂದು ಸುತ್ತು ಬಂದು ನೋಡಿ. ಅಲ್ಲಿನ ಗಣಪತಿಯ ಪ್ರಸಾದ, ಅಪ್ಪ ಅನ್ನುವ ಸಿಹಿ ತಿಂಡಿ, ತಗೊಂಡೇ ಬಸ್ಸು ಹತ್ತಿ.